ತಿರುಗಲೊಲ್ಲದ ಡ್ರೈಯರು

ಸಿರಿಗೇರಿಯ ಮನೆಯೊಂದರಲ್ಲಿ ಬಟ್ಟೆ ಒಣಗಿಸುವ ಯಂತ್ರವಿದೆಯೆಂದು ಕೇಳಿದರೆ ಹೊರಗಿನವರಿಗೆ ನಗು ಬರುವುದು ಸಹಜವೇ. ಬಳ್ಳಾರಿ ಸೀಮೆಯ ಬಿಸಿಲು ನಾಡಿನಲ್ಲೆಲ್ಲ ಹೆಸರಾದದ್ದು. ಬೇಸಗೆಯಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ದಾಟಿ ಕುಳಿತಿರುವಾಗ, ಮಾಳಿಗೆಯ ಮೇಲೆ ಹರವಿದ ಧೋತರದ ಒಂದು ತುದಿಗೆ ಕಲ್ಲು ಹೇರಿ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಮೊದಲಿನ ತುದಿ ಗರಿಗರಿಯಾಗಿರುವುದು. ಸೂರ್ಯನಾರಾಯಣನು ಸಂಬಳವಿಲ್ಲದೆ ಮಾಡಿಕೊಡುವ ಕೆಲಸಕ್ಕೆ ಕರೆಂಟಿನ ಬಿಲ್ಲನ್ನು ಕಟ್ಟುವುದೇಕೆಂದು ನಮ್ಮ ಸ್ನೇಹಿತರೊಬ್ಬರು ನಮ್ಮನ್ನು ಕೇಳಿದ್ದುಂಟು.

ಅವರು ಕೇಳಿದ್ದು ವೈಶಾಖದಲ್ಲಿ. ಭಾದ್ರಪದದಲ್ಲಿ ಬಂದಿದ್ದರೆ ಕೇಳುತ್ತಿರಲಿಲ್ಲ. ನಮ್ಮ ಭಾಗಕ್ಕೆ ಬರುವ ಅಲ್ಪ ಮಳೆಯ ಹೆಚ್ಚಿನ ಪಾಲು ಬೀಳುವುದು ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ. ಬಂದರೆ ಮೂರು ನಾಲ್ಕು ದಿನ ಬಿಡದೆ ಮೋಡ ಕವಿದಿರುವುದು. ಹೊರಗೆ ಎರೆಮಣ್ಣಿನ ಕೆಸರು, ಒಳಗೆ ಒದ್ದೆ ಅರಿವೆಯ ವಾಸನೆ. ಮಳೆ ನಿಂತಿತೆಂದರೆ ಸುಗ್ಗಿ. ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಮುಗಿದು ಕಾಲುವೆಯ ನೀರು ಹರಿದ ಮೇಲೆ ಜೋಳ ಹತ್ತಿಗಳ ಈ ಭೂಮಿಯಲ್ಲಿ ಬಹುಭಾಗ ನೆಲ್ಲಿನ ಗದ್ದೆಯಾಯಿತು. ಆ ಗದ್ದೆಗಳಲ್ಲಿ ಈಗ ಕೊಯ್ಲಿನ ಯಂತ್ರಗಳು ಓಡಾಡುವಾಗ ಏಳುವ ಧೂಳೂ, ಹುಲ್ಲು ಸುಟ್ಟ ಹೊಗೆಯೂ, ನೆಲ್ಲಿನ ಸುಂಕೂ ಬಂದು ಕೂರುವುದು ಮಾಳಿಗೆಯ ಮೇಲಿನ ಒದ್ದೆ ಬಟ್ಟೆಯ ಮೇಲೆಯೇ. ಆ ಅಂಗಿಯನ್ನು ತೊಟ್ಟವನಿಗೆ ಅಂದೆಲ್ಲ ಮೈ ಕೆರೆದುಕೊಳ್ಳುವುದೇ ಕೆಲಸ. ಆದಕಾರಣ ವರ್ಷದಲ್ಲಿ ಮೂರು ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಡ್ರೈಯರಿಗೆ ಮರ್ಯಾದೆಯುಂಟು.

ನಮ್ಮವರು ಡ್ರೈಯರೆಂದು ಕರೆಯುವ ವಸ್ತುವಿಗೂ ಪರದೇಶಗಳಲ್ಲಿ ಆ ಹೆಸರಿರುವ ವಸ್ತುವಿಗೂ ಹೆಸರೊಂದೇ ಸಮಾನ. ಅಲ್ಲಿನದು ಬಿಸಿಗಾಳಿಯನ್ನು ಊದುತ್ತ ಬಟ್ಟೆಗಳನ್ನು ಉರುಳಾಡಿಸಿ ಪೂರ್ಣವಾಗಿ ಒಣಗಿಸತಕ್ಕದ್ದು. ನಮ್ಮಲ್ಲಿನದು ಎರಡು ಟಬ್ಬುಗಳ ತೊಳೆಯುವ ಯಂತ್ರದ ಬಲಗಡೆಯಲ್ಲೋ ಎಡಗಡೆಯಲ್ಲೋ ಇರುವ ಚಿಕ್ಕ ಟಬ್ಬು. ಅದರಲ್ಲಿ ಬಿಸಿಯೆಂಬುದಿಲ್ಲ. ತೂತುಗಳುಳ್ಳ ಒಳಗಿನ ಪಾತ್ರೆಯು ರಭಸದಿಂದ ತಿರುಗಿ, ಒದ್ದೆ ಕೊಡೆಯನ್ನು ಗಿರ್ರನೆ ತಿರುಗಿಸಿದಾಗ ಹನಿಗಳು ಸುತ್ತಲೂ ಸಿಡಿಯುವಂತೆ, ಬಟ್ಟೆಯೊಳಗಿನ ನೀರನ್ನು ಹೊರಕ್ಕೆ ಸಿಡಿಸುವುದು. ಬಳ್ಳಾರಿ ನಗರದಲ್ಲಿ ಹೆಸರಾಂತ ಜೀನ್ಸ್ ಉಡುಪುಗಳನ್ನು ತೊಳೆಯುವ ಘಟಕಗಳಲ್ಲಿ ಇದರದೇ ಅಣ್ಣನಂತಹ ದೊಡ್ಡ ಯಂತ್ರಗಳು ಮೊದಲು ನೀರನ್ನು ತೆಗೆದು, ಬಳಿಕ ಬಟ್ಟೆಯನ್ನು ಬಿಸಿಗಾಳಿಗೆ ಕೊಡುತ್ತವೆ. ಮನೆಯದು ಮೊದಲನೆಯ ಅರ್ಧವನ್ನು ಮಾತ್ರ ಬಲ್ಲದು. ಉಳಿದರ್ಧಕ್ಕೆ ಪಡಸಾಲೆಯಲ್ಲಿ ಕಟ್ಟಿದ ಹಗ್ಗವೂ ಪಂಖೆಯೂ ಸಾಕು. ರಾತ್ರಿ ಹಾಕಿದ್ದು ಬೆಳಗಿಗೆ ಒಣಗಿರುತ್ತದೆ.

ಕಳೆದ ಆಶ್ವೀಜದಲ್ಲಿ ಮಗಳು ಬಾಣಂತನಕ್ಕೆ ತವರಿನಲ್ಲಿದ್ದಳು. ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಕೂಸಿರುವ ಮನೆಯಲ್ಲಿ ದಿನಕ್ಕೆಷ್ಟು ಬಟ್ಟೆ ಒದ್ದೆಯಾಗುವುದೆಂಬುದನ್ನು ತಾಯಂದಿರಿಗೆ ನಾವು ಹೇಳಬೇಕಾದದ್ದಿಲ್ಲ. ಹೊರಗೆ ಮೂರು ದಿನದಿಂದ ಜಿನುಗು ಮಳೆ. ಲಂಗೋಟಿ, ಕುಂಚಿಗೆ, ದುಪ್ಪಟಿಗಳೆಲ್ಲ ಹಗ್ಗದ ಮೇಲೆ ಹಸಿಯಾಗಿಯೇ ತೂಗುತ್ತಿದ್ದವು. ಅಂತಹ ದಿನದ ಬೆಳಿಗ್ಗೆ ನಮ್ಮ ಡ್ರೈಯರು ತಿರುಗಲೊಲ್ಲೆನೆಂದಿತು.

ಯಂತ್ರ ಏಳದಿದ್ದರೆ ಮೊದಲು ಕಿವಿಗೊಡಬೇಕು. ಕೈ ಹಾಕುವುದು ಆಮೇಲಿನ ಮಾತು. ಡ್ರೈಯರಿನ ಮುಷ್ಕರವು ಎರಡು ಬಗೆ. ಒಂದು ಮೌನ, ಇನ್ನೊಂದು ಗುಂಯ್‌ಗುಟ್ಟುವಿಕೆ. ಇವೆರಡನ್ನು ಬೇರ್ಪಡಿಸಿಕೊಂಡರೆ ಅರ್ಧ ರೋಗ ತಿಳಿದಂತೆಯೇ.

ಗುಂಯ್‌ಗುಟ್ಟುತ್ತ ತಿರುಗದಿದ್ದರೆ ಮೋಟಾರಿಗೆ ವಿದ್ಯುತ್ತು ತಲಪಿದೆ, ಆದರೆ ಅದಕ್ಕೆ ಏಳಲಾಗದು. ಕೂಡಲೆ ಗುಂಡಿಯನ್ನು ಸೊನ್ನೆಗೆ ತಿರುಗಿಸಿ ಪ್ಲಗ್ಗನ್ನು ಕೀಳತಕ್ಕದ್ದು. ಆ ಸ್ಥಿತಿಯಲ್ಲಿ ಬಹಳ ಹೊತ್ತು ಬಿಟ್ಟರೆ ಮೋಟಾರಿನ ತಂತಿಯ ಸುತ್ತುಗಳು ಕಾದು ಸುಡುವುವು. ಆಮೇಲೆ ನೋಡಬೇಕಾದದ್ದು, ಕರವಸ್ತ್ರವೋ ಕೂಸಿನ ಕಾಲುಚೀಲವೋ ಒಳಪಾತ್ರೆಯ ಅಂಚನ್ನು ದಾಟಿ ಕೆಳಗಿಳಿದು ದಂಡಕ್ಕೆ ಸುತ್ತಿಕೊಂಡಿದೆಯೇ ಎಂದು. ನಮ್ಮ ಅನುಭವದಲ್ಲಿ ಹತ್ತರಲ್ಲಿ ನಾಲ್ಕು ಸಲ ಇದೇ. ಬಟ್ಟೆಯ ಮೇಲೆ ಒತ್ತಿ ಇಡುವ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನು ಮರೆತವರಿಗೆ ಈ ಕಷ್ಟ ತಪ್ಪಿದ್ದಲ್ಲ. ಬ್ರೇಕು ತುಕ್ಕು ಹಿಡಿದು ಬಿಡದಿರುವುದೂ ಉಂಟು. ಇವೆರಡೂ ಅಲ್ಲದಿದ್ದರೆ ಕೆಪಾಸಿಟರು, ನಮ್ಮ ಮಿಸ್ತ್ರಿಗಳ ಬಾಯಲ್ಲಿ ಕಂಡೆನ್ಸರು.

ಈ ಕಂಡೆನ್ಸರಿನ ವಿಷಯವನ್ನು ಸ್ವಲ್ಪ ವಿವರಿಸಬೇಕು. ಮನೆಗೆ ಬರುವ ಒಂದೇ ಎಳೆಯ ವಿದ್ಯುತ್ತು ಮೋಟಾರನ್ನು ಹಿಂದಕ್ಕೂ ಮುಂದಕ್ಕೂ ಸಮನಾಗಿ ತಳ್ಳುವುದರಿಂದ, ನಿಂತಿರುವ ಮೋಟಾರು ಎತ್ತ ಹೊರಡಬೇಕೆಂದು ತಿಳಿಯದೆ ನಿಂತಲ್ಲೇ ನಡುಗುವುದು. ಕಂಡೆನ್ಸರು ಇನ್ನೊಂದು ಸುತ್ತಿನ ತಂತಿಗೆ ಅದೇ ವಿದ್ಯುತ್ತನ್ನು ತುಸು ಹೊತ್ತು ತಪ್ಪಿಸಿ ಒದಗಿಸಿ, ಇತ್ತ ನಡೆ ಎಂದು ದಾರಿ ತೋರಿಸುವುದು. ಕೋಲಿನಿಂದ ತಳ್ಳಿದರೆ ಮಾತ್ರ ತಿರುಗುವ ಪಂಖೆಯನ್ನು ಎಲ್ಲರೂ ಕಂಡಿದ್ದೇವೆ. ಅದರ ಕಂಡೆನ್ಸರು ಸತ್ತಿರುತ್ತದೆ. ಡ್ರೈಯರಿನ ಪಾತ್ರೆಯನ್ನು ಮಾತ್ರ ಹಾಗೆ ಕೈಯಿಂದ ತಳ್ಳಿ ಹೊರಡಿಸಲು ಹೋಗಬಾರದು. ಕಂಡೆನ್ಸರಿನ ಮೇಲೆಯೇ ಅದರ ಅಳತೆ ಅಚ್ಚಾಗಿರುತ್ತದೆ. ಹಿಂಡುವ ಮೋಟಾರಿನದು ಸಾಮಾನ್ಯವಾಗಿ ೫ ಮೈಕ್ರೋಫ್ಯಾರಡಿನ ಆಸುಪಾಸು. ಅದೇ ಅಳತೆಯದನ್ನೇ ಹಾಕಿಸಬೇಕು. ಪ್ಲಗ್ಗು ಕಿತ್ತ ಮೇಲೂ ಕೆಲಹೊತ್ತು ಅದರಲ್ಲಿ ವಿದ್ಯುತ್ತು ಅಡಗಿರುವ ಸಂಭವವಿರುವುದರಿಂದ ಬಲ್ಲವರಲ್ಲದವರು ಅದನ್ನು ಮುಟ್ಟುವುದು ಸಲ್ಲದು.

ವೋಲ್ಟೇಜು ಕುಸಿದರೂ ಇದೇ ನಡುಕ. ಮನೆಗಳಿಗೆ ಬರಬೇಕಾದದ್ದು ೨೩೦ ವೋಲ್ಟು. ಸಂಜೆ ಊರಿನ ದೀಪ, ಕೂಲರು, ಮೋಟಾರುಗಳೆಲ್ಲ ಒಟ್ಟಿಗೆ ಎದ್ದಾಗ ಅದು ೧೮೦ಕ್ಕೆ ಇಳಿದರೆ, ಇಳಿದದ್ದು ಕಾಲು ಪಾಲಿಗಿಂತ ಕಡಿಮೆಯಲ್ಲವೇ ಎಂದು ಸಮಾಧಾನಪಡುವಂತಿಲ್ಲ. ಮೋಟಾರಿನ ಎಳೆಯುವ ಬಲವು ವೋಲ್ಟೇಜಿನ ವರ್ಗವನ್ನು ಅನುಸರಿಸಿ ಇಳಿಯುವುದಾದ್ದರಿಂದ ಹದಿನಾರಾಣೆ ಬಲವಿರಬೇಕಾದಲ್ಲಿ ಹತ್ತಾಣೆ ಉಳಿಯುವುದು. ಸಂಜೆ ಏಳದ ಡ್ರೈಯರು ಬೆಳಗಿನ ಜಾವ ತಾನಾಗಿ ಎದ್ದರೆ ಮಿಸ್ತ್ರಿಯನ್ನು ಕರೆಯಬೇಕಾದದ್ದಿಲ್ಲ.

ನಮ್ಮದು ಮೌನದ ಜಾತಿಯದಾಗಿತ್ತು. ಗುಂಡಿ ತಿರುಗಿಸಿದರೆ ಟೈಮರು ಎಂದಿನಂತೆ ಟಿಕಟಿಕ ಎನ್ನುತ್ತಿತ್ತು. ಪಾತ್ರೆ ಮಾತ್ರ ಕಲ್ಲಿನಂತೆ ಕುಳಿತಿತ್ತು. "ಕರೆಂಟು ಬರಾಕ ಹತ್ತೈತಿ, ಸಪ್ಪಳಾ ಕೇಳ್ರಿ" ಎಂದರು ಮನೆಯವರು. ಇಲ್ಲೊಂದು ಮೋಸವಿದೆ. ಗುಂಡಿಯುಳ್ಳ ಹಳೆಯ ಮಾದರಿಯ ಟೈಮರಿನೊಳಗಿರುವುದು ಗಡಿಯಾರದ್ದರಂತಹ ಸ್ಪ್ರಿಂಗು. ಪ್ಲಗ್ಗನ್ನು ಕಿತ್ತು ಅಟ್ಟದ ಮೇಲಿಟ್ಟರೂ ಅದು ಟಿಕಟಿಕ ಎನ್ನುವುದು. ಅದರ ಸಪ್ಪಳವು ವಿದ್ಯುತ್ತಿಗೆ ಸಾಕ್ಷಿಯಲ್ಲ. ಸಾಕ್ಷಿ ಬೇಕೆಂದರೆ ಪಕ್ಕದ ತೊಳೆಯುವ ಟಬ್ಬನ್ನು ತಿರುಗಿಸಿ ನೋಡಬೇಕು. ಎರಡಕ್ಕೂ ಪ್ಲಗ್ಗು ಒಂದೇ, ಮೋಟಾರು ಬೇರೆ ಬೇರೆ. ತೊಳೆಯುವುದೂ ಏಳದಿದ್ದರೆ ತಪ್ಪು ಬೋರ್ಡಿನಲ್ಲೋ ಪ್ಲಗ್ಗಿನಲ್ಲೋ ಫ್ಯೂಸಿನಲ್ಲೋ ಇದೆ. ನಮ್ಮದರಲ್ಲಿ ತೊಳೆಯುವ ಭಾಗ ಚೆನ್ನಾಗಿ ತಿರುಗಿತು. ಅಲ್ಲಿಗೆ ಉಳಿದವರು ಕೆಲವೇ ಅಪರಾಧಿಗಳು: ಹಿಂಡುವ ಟೈಮರು, ಮೋಟಾರು, ಇವೆರಡರ ನಡುವಿನ ತಂತಿ ಮತ್ತು ಮುಚ್ಚಳ.

ಮುಚ್ಚಳವೂ ಅಪರಾಧಿಯಾದೀತೇ ಎಂದು ವಾಚಕರು ಕೇಳಬಹುದು. ಅಪರಾಧಿಗಿಂತ ಅದನ್ನು ಕಾವಲುಗಾರನೆನ್ನುವುದೇ ಸರಿ. ಚಿಕ್ಕ ಟಬ್ಬಿನ ಮುಚ್ಚಳದ ಬುಡದಲ್ಲಿ ಕಿರುಬೆರಳಿನಷ್ಟು ಪ್ಲಾಸ್ಟಿಕ್ಕಿನ ಕೊಕ್ಕೆಯೊಂದಿರುತ್ತದೆ. ಮುಚ್ಚಳ ಹಾಕಿದಾಗ ಅದು ಒಳಗಿನ ಸನ್ನೆಯನ್ನು ಒತ್ತಿ ಎರಡು ಕೆಲಸ ಮಾಡುವುದು: ಸ್ವಿಚ್ಚನ್ನು ಕೂಡಿಸಿ ಮೋಟಾರಿಗೆ ವಿದ್ಯುತ್ತಿನ ದಾರಿ ಮಾಡಿಕೊಡುವುದು, ಬ್ರೇಕಿನ ತಂತಿಯನ್ನೆಳೆದು ಪಾತ್ರೆಯನ್ನು ಬಿಡುಗಡೆ ಮಾಡುವುದು. ಮುಚ್ಚಳವೆತ್ತಿದೊಡನೆ ವಿದ್ಯುತ್ತು ಕಡಿದು, ಬ್ರೇಕು ಕಚ್ಚಿ, ಪಾತ್ರೆ ಕೆಲವು ಕ್ಷಣಗಳಲ್ಲಿ ನಿಲ್ಲುವುದು. ನಾವು ಮುಚ್ಚಳವನ್ನೆತ್ತಿ ಬೆಳಕಿಗೆ ಹಿಡಿದು ನೋಡಿದೆವು. ಕೊಕ್ಕೆ ಮುರಿದು ಬುಡದ ಗುರುತು ಮಾತ್ರ ಉಳಿದಿತ್ತು. ಮುಚ್ಚಳ ಮುಚ್ಚಿದ್ದರೂ ಯಂತ್ರದ ಲೆಕ್ಕದಲ್ಲಿ ಅದು ತೆರೆದೇ ಇತ್ತು. ತೆರೆದಿರುವಾಗ ತಿರುಗಬಾರದೆಂಬ ಕಟ್ಟಳೆಯನ್ನು ಯಂತ್ರ ಪಾಲಿಸುತ್ತಿತ್ತು.

ಹೊಸ ಮುಚ್ಚಳವನ್ನು ತರಿಸಿ ಹಾಕಬೇಕೆಂದು ಮಿಸ್ತ್ರಿಗೆ ಹೇಳಿಕಳುಹಿಸಿ ನಾವು ಕೆಲಸದ ಮೇಲೆ ಸಿರುಗುಪ್ಪಕ್ಕೆ ಹೋದೆವು. ಮರಳಿ ಬರುವಷ್ಟರಲ್ಲಿ ಹಗ್ಗದ ತುಂಬ ಹಿಂಡಿದ ಬಟ್ಟೆಗಳಿದ್ದವು. ಮಿಸ್ತ್ರಿ ಬಂದು ಅರ್ಧ ತಾಸಿನಲ್ಲಿ ಸರಿಮಾಡಿ, "ಮುಚ್ಚಳಾ ಬಳ್ಳಾರಿಯಿಂದ ಬರಾಕ ದಿನ ಹಿಡೀತಾವ್ರಿ. ಡೈರೆಕ್ಟ್ ಮಾಡೀನಿ. ಇನ್ನ ಹತ್ತು ವರ್ಷ ನಿಲ್ಲಂಗಿಲ್ಲ ನೋಡ್ರಿ ಅವ್ವಾರ" ಎಂದು ಹೇಳಿ ಹೋಗಿದ್ದನಂತೆ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅದು ನಿಲ್ಲುವಂತೆಯೇ ಇರಲಿಲ್ಲ. ಸ್ವಿಚ್ಚಿನ ಎರಡು ತಂತಿಗಳನ್ನು ಹೊಸೆದು ಟೇಪು ಸುತ್ತಿ, ಬ್ರೇಕಿನ ತಂತಿಯನ್ನೂ ಎಳೆದು ಮೊಳೆಗೆ ಬಿಗಿದುಬಿಟ್ಟಿದ್ದನು.

ಇದು ತಿಳಿದದ್ದು ಸಂಜೆಗೆ. ನಮ್ಮ ಮನೆಯಾಕೆ ಎರಡನೆಯ ಗಂಟು ಬಟ್ಟೆಯನ್ನು ಹಾಕಿದ್ದರು. ಮಳೆ ಹೆಚ್ಚಾಯಿತೆಂದು ಕಿಟಕಿ ಮುಚ್ಚಲು ನಾಲ್ಕು ಹೆಜ್ಜೆ ಹೋದರು. ಅಷ್ಟರಲ್ಲಿ ಹಿರಿಯ ಮಗನ ಮಗಳು, ನಾಲ್ಕು ವರ್ಷದವಳು, ತನ್ನ ಗೊಂಬೆಯ ಲಂಗವನ್ನೂ ಒಣಗಿಸಬೇಕೆಂದು ಮಣೆಯ ಮೇಲೆ ಹತ್ತಿ ಮುಚ್ಚಳವನ್ನೆತ್ತಿದಳು. ಪಾತ್ರೆ ತಿರುಗುತ್ತಲೇ ಇತ್ತು. ರಭಸದಿಂದ ತಿರುಗುವ ವಸ್ತುವು ನಿಂತಂತೆ ನುಣುಪಾಗಿ ಕಾಣುವುದಲ್ಲವೇ? ಮಗುವಿಗೂ ಹಾಗೆಯೇ ಕಂಡಿರಬೇಕು. ಆಕೆಯ ಕೈ ಅಂಚನ್ನು ಮುಟ್ಟುವುದಕ್ಕೆ ಗೇಣು ಉಳಿದಿರುವಾಗ ಅಜ್ಜಿ ತಿರುಗಿ ನೋಡಿ ಮುಂಗೈಯನ್ನು ಹಿಡಿದೆಳೆದರು. ಕೂಗಿಗೆ ಓಡಿಬಂದು ನಾವು ಪ್ಲಗ್ಗನ್ನು ಕಿತ್ತೆವು. ಕಿತ್ತ ಮೇಲೂ ಪಾತ್ರೆ ಬಹಳ ಹೊತ್ತು ಸುಮ್ಮನೆ ಸುತ್ತುತ್ತಿತ್ತು. ಅದು ನಿಲ್ಲುವವರೆಗೆ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಈ ಚಿಕ್ಕ ಪಾತ್ರೆಯ ವೇಗವನ್ನು ಲೆಕ್ಕ ಹಾಕಿದವರು ಕಡಿಮೆ. ಅದು ನಿಮಿಷಕ್ಕೆ ಸುಮಾರು ೧,೩೫೦ ಸುತ್ತು ತಿರುಗುವುದು. ಒಂದು ಸೆಕೆಂಡಿಗೆ ಇಪ್ಪತ್ತೆರಡಕ್ಕೂ ಮೇಲೆ. ಪಾತ್ರೆಯ ಅಡ್ಡಳತೆ ೨೪ ಸೆಂಟಿಮೀಟರು ಎಂದಿಟ್ಟುಕೊಂಡರೆ ಅದರ ಅಂಚು ಓಡುವ ವೇಗ ಗಂಟೆಗೆ ೬೦ ಕಿಲೋಮೀಟರು. ಸಿರುಗುಪ್ಪದ ದಾರಿಯಲ್ಲಿ ಬಸ್ಸು ಓಡುವಂತೆ ಅದು ನಮ್ಮ ಬಚ್ಚಲ ಪಕ್ಕದಲ್ಲಿ ಓಡುತ್ತಿರುತ್ತದೆ. ಒದ್ದೆ ಸೀರೆಯ ಸೆರಗು ಒಂದು ಬೆರಳಿಗೆ ಸುತ್ತಿಕೊಂಡು ಒಳಗೆ ಸೆಳೆದರೆ ದೊಡ್ಡವರ ಕೈಯೂ ತಾಳಲಾರದು.

ಮರುದಿನ ಮಿಸ್ತ್ರಿಯನ್ನು ಕರೆಸಿದೆವು. ಬೈಯಬೇಕೆಂದೇ ಕರೆಸಿದ್ದು ನಿಜ. ಆದರೆ ಅವನ ಮಾತನ್ನೂ ಕೇಳಬೇಕಾಯಿತು. "ಮಂದಿ ಇವತ್ತ ಆಗಬೇಕಂತಾರ್ರಿ. ಮುಚ್ಚಳಾ ತರಸ್ತೀನಿ ಅಂದ್ರ ಬ್ಯಾರೆದವರನ್ನ ಕರೀತಾರ್ರಿ" ಎಂದನು. ಅದೂ ಹುಸಿಯಲ್ಲ. ಆರಿಹೋಗಿದ್ದ ದೀಪವನ್ನು ಡೈರೆಕ್ಟ್ ಮಾಡಿ ಹೊತ್ತಿಸಿದವನನ್ನು ಚತುರನೆಂದು ಹೊಗಳುವವರೂ, ಸರಿಯಾದ ಸಾಮಾನಿಗಾಗಿ ಎರಡು ದಿನ ಕೇಳಿದವನನ್ನು ದಡ್ಡನೆನ್ನುವವರೂ ಗೃಹಸ್ಥರೇ. ಅವನಿಂದಲೇ ಗಂಟನ್ನು ಬಿಚ್ಚಿಸಿ, ಸ್ವಿಚ್ಚನ್ನೂ ಬ್ರೇಕನ್ನೂ ಮೊದಲಿನಂತೆ ಮಾಡಿಸಿ, ಮುಂಗಡ ಕೊಟ್ಟು ಬಳ್ಳಾರಿಗೆ ಕಳುಹಿಸಿದೆವು. ಮೂರನೆಯ ದಿನ ಬಸ್ಸಿನಲ್ಲಿ ಮುಚ್ಚಳ ಬಂದಿತು. ಅಲ್ಲಿಯವರೆಗೆ ಕೂಸಿನ ಬಟ್ಟೆಗೆ ನಮ್ಮ ತಾಯಿಯವರ ಕಾಲದ ಉಪಾಯವೇ ಆಯಿತು. ಕೆಂಡದ ಮೇಲೆ ಬೂದಿ ಮುಚ್ಚಿ, ಬಿದಿರಿನ ಬುಟ್ಟಿಯನ್ನು ಬೋರಲಿಟ್ಟು, ಅದರ ಮೇಲೆ ಲಂಗೋಟಿಗಳನ್ನು ಹರವಿ, ಒಬ್ಬರು ಪಕ್ಕದಲ್ಲೇ ಕುಳಿತು ಮಗುಚುವುದು. ಬುಟ್ಟಿಯನ್ನು ಬಿಟ್ಟು ಏಳುವಂತಿಲ್ಲ. ಹೊಗೆ ಕೂಸಿದ್ದ ಕೋಣೆಗೆ ಹೋಗದಂತೆ ಹಿಂದಿನ ಅಂಗಳದ ಛಾವಣಿಯ ಕೆಳಗೇ ಮಾಡಬೇಕು. ಮನೆಯಾಕೆಗೆ ಮೂರು ದಿನ ಬೆನ್ನು ನೋವಾಯಿತು.

ಈ ಸಂಗತಿಯನ್ನು ಅಮೆರಿಕದಲ್ಲಿ ನೆಲಸಿರುವ ನಮ್ಮ ಅಣ್ಣನ ಮಗನಿಗೆ ಫೋನಿನಲ್ಲಿ ಹೇಳಿದಾಗ ಅವನು, "ಕಾಕಾ, ನಮ್ಮಲ್ಲೂ ಇದೇ ಕಥೆ" ಎಂದನು. ಅವನದು ಬಿಸಿಗಾಳಿಯ ಯಂತ್ರ. ಅದೂ ಒಂದು ದಿನ ಏಳದಾಯಿತಂತೆ. ಅದರ ಬಾಗಿಲಿಗೂ ನಮ್ಮ ಮುಚ್ಚಳದಂತೆ ಸ್ವಿಚ್ಚುಂಟು, ಅದು ಸರಿಯಿತ್ತು. ಸುಟ್ಟಿದ್ದು ಉಷ್ಣದ ಫ್ಯೂಸು. ಗಾಳಿ ಮಿತಿಮೀರಿ ಕಾದಾಗ ಇದು ತಾನು ಕಡಿದುಹೋಗಿ ಯಂತ್ರವನ್ನು ಕಾಯುವುದು. ಅನೇಕ ಮಾದರಿಗಳಲ್ಲಿ ಇದು ಕಡಿದರೆ ಪಾತ್ರೆ ತಿರುಗುವುದೇ ಇಲ್ಲ. ಪರಿಚಯದವರೊಬ್ಬರು ಅದರ ಎರಡು ತುದಿಗಳನ್ನು ತಂತಿಯಿಂದ ಕೂಡಿಸಿಬಿಡು, ಓಡುವುದು ಎಂದರಂತೆ. ಹುಡುಗ ಬುದ್ಧಿವಂತ, ಕೂಡಿಸದೆ ಕಾರಣವನ್ನು ಹುಡುಕಿದನು. ಬಿಸಿಗಾಳಿ ಹೊರಗೆ ಹೋಗುವ ಕೊಳವೆಯಲ್ಲಿ ಬಟ್ಟೆಯ ಜುಂಗು ಹತ್ತಿಯ ದಿಂಬಿನಂತೆ ಗಿಡಿದಿತ್ತು. ಆ ದೇಶದ ಅಗ್ನಿಶಾಮಕ ಇಲಾಖೆಯು ೨೦೦೮ರಿಂದ ೨೦೧೦ರವರೆಗಿನ ಲೆಕ್ಕ ನೋಡಿ, ವಾಸದ ಕಟ್ಟಡಗಳಲ್ಲಿ ಡ್ರೈಯರಿನಿಂದ ವರ್ಷಕ್ಕೆ ಸುಮಾರು ೨,೯೦೦ ಬೆಂಕಿಗಳು ಆಗುತ್ತವೆಂದೂ, ಶುಚಿ ಮಾಡದಿರುವುದೇ ಮುಖ್ಯ ಕಾರಣವೆಂದೂ ಪ್ರಕಟಿಸಿದೆ. ನಮ್ಮ ಸಿರಿಗೇರಿಯ ಮಿಸ್ತ್ರಿಯೂ ಆ ಪರಿಚಯದವರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಒಂದೇ ಶಾಲೆಯಲ್ಲಿ ಓದಿದಂತೆ ತೋರುತ್ತದೆ.

ಸುಗ್ಗಿಯ ಕಾಲದ ಇನ್ನೊಂದು ಕಾರಣವನ್ನೂ ಹೇಳಬೇಕು. ಗದ್ದೆಯ ಕೊಯ್ಲಾದ ಮೇಲೆ ಇಲಿಗಳು ಊರೊಳಗೆ ಬರುವುವು. ಯಂತ್ರದ ತಳ ಅವುಗಳಿಗೆ ಬೆಚ್ಚಗಿನ ಛತ್ರ. ತಂತಿಯ ಮೇಲಣ ಪ್ಲಾಸ್ಟಿಕ್ಕು ಹಲ್ಲು ಮಸೆಯಲು ಅನುಕೂಲ. ಮೌನದ ಮುಷ್ಕರಕ್ಕೆ ಮುಚ್ಚಳ ಕಾರಣವಲ್ಲದಿದ್ದರೆ ಪ್ಲಗ್ಗು ಕಿತ್ತು, ಯಂತ್ರವನ್ನು ಗೋಡೆಯಿಂದ ಸರಿಸಿ, ಹಿಂದಿನ ಹಲಗೆಯ ಕೆಳಗೆ ಇಲಿಯ ಹಿಕ್ಕೆ ಇದೆಯೇ ನೋಡಬೇಕು. ಇದ್ದರೆ ಗುಂಡಿಯನ್ನು ಮತ್ತೆ ಮತ್ತೆ ತಿರುಗಿಸಿ ಪರೀಕ್ಷಿಸುವುದು ಅಪಾಯ. ಸುಲಿದ ತಂತಿ ಒದ್ದೆ ತಗಡಿಗೆ ತಾಗಿರಬಹುದು. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೂರನೆಯದನ್ನು ಕತ್ತರಿಸಿ ಎರಡು ತೂತಿನ ಬೋರ್ಡಿಗೆ ಸೇರಿಸುವವರ ಮನೆಯಲ್ಲಂತೂ ಬಚ್ಚಲಿನ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತವರ ಗತಿಯನ್ನು ನೆನೆಯಲೂ ಅಂಜಿಕೆಯಾಗುವುದು. ನಾವು ತಳಕ್ಕೆ ಸಣ್ಣ ಕಣ್ಣಿನ ತಂತಿಯ ಜಾಲರಿಯನ್ನು ಹೊಡೆಸಿದ್ದೇವೆ, ಗಾಳಿಗೆ ಅಡ್ಡಿಯಾಗದು.

ಹೊಸ ಮುಚ್ಚಳ ಬಂದ ಮೇಲೆ ಮನೆಯಾಕೆ ಒಂದು ಪದ್ಧತಿಯನ್ನು ಹಾಕಿಕೊಂಡಿದ್ದಾರೆ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ಯಂತ್ರಗಳಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುವುದುಂಟಷ್ಟೆ. ಅಂದು ಪೂಜೆಗೆ ಮೊದಲು, ಮಕ್ಕಳನ್ನು ಪಡಸಾಲೆಗೆ ಕಳುಹಿಸಿ, ಬರಿದಾದ ಡ್ರೈಯರನ್ನು ತಿರುಗಬಿಟ್ಟು, ಮುಚ್ಚಳವನ್ನು ಎತ್ತಿ, ಕೈ ಹಿಂದಕ್ಕೆ ಕಟ್ಟಿಕೊಂಡು ಎಣಿಸುತ್ತಾರೆ. ಹೋದ ಅಮಾವಾಸ್ಯೆಗೆ ಅದು ಏಳು ಎಣಿಸುವಷ್ಟರಲ್ಲಿ ನಿಂತಿತು. ಹತ್ತನ್ನು ದಾಟಿದ ದಿನ ಬ್ರೇಕನ್ನು ನೋಡಲು ಮಿಸ್ತ್ರಿಗೆ ಹೇಳಿಕಳುಹಿಸುವುದೆಂದು ನಿಶ್ಚಯವಾಗಿದೆ.